ನಾಲ್ವರು ಅಧ್ಯಾಪಕರ ಪರಿಚಯ, ಕೆಮ್ಮು-ನಗು ಸಹಿತ

ಅಕ್ಟೋಬರ್ 16, ಸೋಮವಾರ

ವಿಭಾಗದ ಮುಖ್ಯಸ್ಥರಾದ ಸೋಕ್ ಸರ್ ಇಂದು ನನ್ನನ್ನು ಕೋಣೆಗೆ ಕರೆಸಿದರು. ನನಗೆ ಆಶ್ಚರ್ಯವಾಗಲಿಲ್ಲ. ಐದು ಸೆಮಿಸ್ಟರ್‌ಗಳಲ್ಲಿ ಒಮ್ಮೆಯೂ ಎರಡನೆಯ ಸ್ಥಾನಕ್ಕೆ ಇಳಿಯದವಳನ್ನು ಬಿಟ್ಟು ಇನ್ನಾರನ್ನು ಕರೆಸಬೇಕಿತ್ತು?

ಕೆಲಸ ಇದು. ನವೆಂಬರ್ ಎಂಟರಂದು ಮೊದಲ ವರ್ಷದವರಿಗಾಗಿ ವಿಷಯ ಆಯ್ಕೆಯ ಮೇಳ ನಡೆಯಲಿದೆ. ಪ್ರತಿ ವಿಭಾಗಕ್ಕೂ ಒಂದು ಮೇಜು, ವೇದಿಕೆಯ ಮೇಲೆ ಹತ್ತು ನಿಮಿಷ. ನಮ್ಮ ಇಂಗ್ಲಿಷ್ ಭಾಷಾಶಾಸ್ತ್ರ ವಿಭಾಗದ ಅಧ್ಯಾಪಕರನ್ನು ಪರಿಚಯಿಸುವ ಕಿರುಪುಸ್ತಕವನ್ನು ನಾನು ಬರೆಯಬೇಕು. ವೇದಿಕೆಯಲ್ಲಿ ಮಾತಾಡುವವಳೂ ನಾನೇ.

"ಹೋದ ವರ್ಷ ಹನ್ನೊಂದು ಜನ ಬಂದ್ರು," ಎಂದು ಸರ್ ಕಿಟಕಿಯಾಚೆಯ ಹಳದಿ ಗಿಂಕೊ ಮರವನ್ನು ನೋಡುತ್ತ ಹೇಳಿದರು. "ಈ ಸಲ ಹದಿನೈದು ಆಗ್ಲಿಲ್ಲ ಅಂದ್ರೆ…"

"ನಮ್ಮನ್ನ ವ್ಯವಹಾರ ಇಂಗ್ಲಿಷ್ ಜೊತೆ ಸೇರಿಸಿಬಿಡ್ತಾರೆ. ಗೊತ್ತು ಸರ್."

ಅವರ ವಾಕ್ಯಗಳನ್ನು ಮುಗಿಸಿಕೊಡುವುದು ನನಗೆ ರೂಢಿಯಾಗಿದೆ. ಅದರಿಂದ ಅವರ ಸಮಯವೂ ಉಳಿಯುತ್ತದೆ.

ನವೆಂಬರ್ ಇಪ್ಪತ್ತನಾಲ್ಕರ ಸಂಜೆ ಆರಕ್ಕೆ ಆಯ್ಕೆಯ ಜಾಲಪುಟ ಮುಚ್ಚುತ್ತದೆ. ಅಷ್ಟರೊಳಗೆ ಹದಿನೈದು ಹೆಸರುಗಳು ಬರಬೇಕು. ಬರದಿದ್ದರೆ ನಾನು ಇಲ್ಲಿಯೇ ಎಂ.ಎ. ಮಾಡುವ ಯೋಚನೆಗೂ ತೆರೆ ಬೀಳುತ್ತದೆ. ಮುಚ್ಚಿಹೋದ ವಿಭಾಗದಲ್ಲಿ ಪ್ರಥಮ ಸ್ಥಾನವೆಂದರೆ ಬತ್ತಿದ ಕೆರೆಯಲ್ಲಿ ದೊಡ್ಡ ಮೀನು ಎನಿಸಿಕೊಂಡಂತೆ.

ಅಕ್ಟೋಬರ್ 18, ಬುಧವಾರ

ಮೊದಲ ಸಂದರ್ಶನ: ಸೋಕ್ ಸರ್, ವಾಕ್ಯರಚನೆ. ಎಲ್ಲವನ್ನೂ ಧ್ವನಿಮುದ್ರಿಸಿಕೊಂಡೆ. ಯೋಮ್ ಮೇಡಂ ಕಲಿಸಿದ ಕ್ರಮದಲ್ಲಿಯೇ ಬರಹಕ್ಕೆ ಇಳಿಸಿದೆ. ಮೌನವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದವರೆಗೆ ಅಳೆದು ಆವರಣದೊಳಗೆ ಬರೆಯಬೇಕು, ಕೆಮ್ಮು, ನಗು, ಅಗಿಯುವ ಸದ್ದು, ಯಾವುದನ್ನೂ ಬಿಡಬಾರದು, ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸಿದ ಕಡೆ ಓರೆಗೆರೆ ಎಳೆಯಬೇಕು, ಏನನ್ನೂ ತಿದ್ದಬಾರದು. ಈ ಬರಹರೂಪವನ್ನೇ ಅವರ ತರಗತಿಯ ಸೆಮಿಸ್ಟರ್ ಕಾರ್ಯವಾಗಿಯೂ ಒಪ್ಪಿಸಲಿದ್ದೇನೆ. ಒಂದು ಕಲ್ಲು, ಎರಡು ಹಕ್ಕಿ.

ಒಂದು ತುಣುಕು:

ಸೆರಿನ್: ಈ ವಿಷಯವನ್ನೇ ಯಾಕೆ ಆರಿಸ್ಕೊಂಡ್ರಿ ಸರ್?
ಸೋಕ್: (9.2) ನಮ್ಮಪ್ಪ ಬಡಗಿ. (3.0) ಬಾಗಿಲು ಮಾಡೋಕೆ ಮುಂಚೆ, ಮರದ ನಾರು ಯಾವ ಕಡೆ ಓಡ್ತಿದೆ ನೋಡ್ಕೋ ಅಂತಿದ್ರು. (ಕೆಮ್ಮು) ವಾಕ್ಯಕ್ಕೂ /
ಸೆರಿನ್: / ವಾಕ್ಯಕ್ಕೂ ನಾರು ಇರುತ್ತೆ ಅಂತ. ಸರಿ ಸರ್, ಮುಂದಿನ ಪ್ರಶ್ನೆ.
ಸೋಕ್: (1.4) ಸರಿ.

ಬಡಗಿಯ ವಿಚಾರ ಪರಿಚಯಕ್ಕೆ ಉಪಯೋಗವಿಲ್ಲ. ಪ್ರಬಂಧಗಳ ಪಟ್ಟಿ ಕೇಳಿ ಪಡೆದುಕೊಂಡೆ. ಇಪ್ಪತ್ತೇಳು ಇವೆ.

ಅಕ್ಟೋಬರ್ 20, ಶುಕ್ರವಾರ

ಯೋಮ್ ಜಿನ್ಹಾ ಮೇಡಂ, ಸಂಭಾಷಣೆಯ ಅಧ್ಯಯನ. ಹಣ್ಣಾದ ಪರ್ಸಿಮನ್ ಒಂದನ್ನು ಚಮಚದಿಂದ ಬಗೆದು ತಿನ್ನುತ್ತಲೇ ಉತ್ತರಿಸಿದರು. ಬರಹರೂಪದಲ್ಲಿ "(ಹೀರುವ ಸದ್ದು)" ಎಂದು ಇಪ್ಪತ್ತಮೂರು ಬಾರಿ ಬರೆಯಬೇಕಾಯಿತು.

ಇಂಗ್ಲಿಷರು ಫೋನನ್ನು ಹೇಗೆ ಇಡುತ್ತಾರೆ ಎಂಬ ಒಂದೇ ವಿಷಯದ ಮೇಲೆ ಅವರು ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದಾರೆ.

"ಇಡೋದು ಸುಲಭ ಅಲ್ಲ ಕಣೇ. 'ಸರಿ ಹಾಗಾದ್ರೆ' ಅಂದ್ಮೇಲೂ ಮಾತು ಆ ಕಡೆ ಈ ಕಡೆ ಏಳೆಂಟು ಸಲ ಓಡಾಡುತ್ತೆ. ಬಾಗಿಲ ತನಕ ಬಿಟ್ಟು ಬಂದ ಹಾಗೆ. ನೀನು ನಿಮ್ಮಮ್ಮನ ಫೋನ್ ಹೇಗಿಡ್ತೀಯ?"

"'ಇಡ್ತೀನಿ' ಅಂತ ಹೇಳಿ ಇಡ್ತೀನಿ ಮೇಡಂ."

"ಒಂದೇ ಮಾತಲ್ಲಾ? ಪಾಪ, ನಿಮ್ಮಮ್ಮ!" ಎಂದು ನಕ್ಕು ನನಗೂ ಒಂದು ಹಣ್ಣು ಕೊಟ್ಟರು.

ಅಮ್ಮ ಕಡಲತೀರದ ಊರಾದ ಸೊಕ್ಚೊದಲ್ಲಿ ಒಣಮೀನಿನ ಅಂಗಡಿ ಇಟ್ಟುಕೊಂಡಿದ್ದಾಳೆ. ಅವಳಿಗೂ ಕೆಲಸವಿರುತ್ತದೆ, ನನಗೂ ಇರುತ್ತದೆ. ಇದರಲ್ಲಿ ಪಾಪವೇನು ಬಂತು?

ಅಕ್ಟೋಬರ್ 24, ಮಂಗಳವಾರ

ಧ್ವನಿಶಾಸ್ತ್ರ ಕಲಿಸುವ ಗಿಲ್ ಮಾನ್ಸು ಸರ್ ಅತಿಥಿ ಉಪನ್ಯಾಸಕರು. ವಿಭಾಗದ ಜಾಲತಾಣದಲ್ಲಿ ಅವರ ಹೆಸರಿಲ್ಲ. ಆದ್ದರಿಂದ ನನ್ನ ಪಟ್ಟಿಯಲ್ಲಿಯೂ ಇರಲಿಲ್ಲ. ಕಚೇರಿಯ ಸಹಾಯಕಿ ಬಂಗ್ ಅಕ್ಕ ಬಿಡಲಿಲ್ಲ. "ಏನೇ ಮಹಾರಾಣಿ, ಮೂರು ಜನರನ್ನ ಹಾಕಿ ನಾಲ್ಕನೆಯವರನ್ನ ಬಿಡ್ತೀಯಾ? ಮೊದಲ ವರ್ಷದವರಿಗೆ ಮೊದಲು ಪಾಠ ಮಾಡೋದೇ ಅವ್ರು!" ಮೂರು ಸಾಲು ಕೊಟ್ಟರಾಯಿತೆಂದು ಒಪ್ಪಿದೆ.

ಅವರು ವಾರದಲ್ಲಿ ಮೂರು ಊರುಗಳ ಮೂರು ವಿಶ್ವವಿದ್ಯಾಲಯಗಳಲ್ಲಿ ಕಲಿಸುತ್ತಾರೆ. ನಮ್ಮ ಕಾಲೇಜಿರುವ ಚುಂಚೋನ್‌ಗೆ ಬರುವುದು ಮಂಗಳವಾರ ಮಾತ್ರ. ಸಂದರ್ಶನಕ್ಕೆ ಬಿಡುವು ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ, ಬಸ್ಸು ಹೊರಡುವುದಕ್ಕೆ ಮುಂಚಿನ ಇಪ್ಪತ್ತು ನಿಮಿಷ.

"ನಿನ್ನ ಲಿಸ್ಟಲ್ಲಿ ನಾನೂ ಇದೀನಾ?"

"ಬಂಗ್ ಅಕ್ಕ ಹೇಳಿದ್ರು ಸರ್, ಅದಕ್ಕೆ."

"ಓ, ಬಂಗ್ ಹೇಳಿದ್ಲಾ. ಹಾಗಾದ್ರೆ ಗಟ್ಟಿ. ತಗೋ, ಓಡೆಂಗ್ ತಿನ್ನು." ಕಡ್ಡಿಗೆ ಚುಚ್ಚಿದ ಮೀನಿನ ತುಂಡನ್ನೂ ಕಾಗದದ ಲೋಟದಲ್ಲಿ ಬಿಸಿ ಸಾರನ್ನೂ ಕೈಗಿತ್ತರು.

ಹದಿನೈದು ಜನ ಬರದಿದ್ದರೆ ಏನಾಗುತ್ತದೆಂದು ಕೇಳಿದೆ.

"ಮಂಗಳವಾರ ಖಾಲಿಯಾಗುತ್ತೆ. ಹನ್ನೆರಡು ವರ್ಷದಿಂದ ಇದೇ ಬಸ್ಸು, ಅದೇ ಡ್ರೈವರ್ರು. ಅವನ ಮಗಳ ಮದುವೆಗೂ ಹೋಗಿಬಂದೆ. ನಾಳೆಯಿಂದ ಬರಲ್ಲ ಅಂತ ಅವನಿಗೆ ಹೇಗೆ ಹೇಳೋದು ಅಂತಾನೇ /"

ಇಲ್ಲಿ ನಾನು ಅವರ ಪಿಎಚ್.ಡಿ. ಯಾವ ವರ್ಷದ್ದೆಂದು ಕೇಳಿದೆ.

ಅವರು ಸಾರು ಹೀರಿ ನನ್ನನ್ನು ನೋಡಿದರು. "ಒಂದು ಮಾತು ಹೇಳ್ಲಾಮ್ಮ? ಬೇಜಾರು ಮಾಡ್ಕೋಬಾರ್ದು. ಬೇರೆಯವರ ಮಾತು ಮುಗಿಯೋಕೆ ಮುಂಚೆಯೇ ನೀನು ಉಸಿರು ಎಳ್ಕೋತೀಯ. ಮೊದಲ ವರ್ಷದಿಂದಾನೂ ಕೇಳ್ತಿದೀನಿ. ಮುನ್ನೂರು ಜನರ ಮಧ್ಯೆ ಕಣ್ಣು ಮುಚ್ಚಿ ಕೂತ್ರೂ, ಇದು ಸೆರಿನ್ ಉಸಿರು ಅಂತ ಹೇಳಬಲ್ಲೆ."

ಬೇಜಾರು ಮಾಡಿಕೊಳ್ಳುವ ಮಟ್ಟದ ಮಾತೇನಲ್ಲ. ಆದರೂ, ವಿದ್ಯಾರ್ಥಿಯ ಉಸಿರಾಟದ ಬಗ್ಗೆ ಟೀಕೆ ಮಾಡುವುದು ಅಧ್ಯಾಪಕರ ಕರ್ತವ್ಯದೊಳಗೆ ಬರುತ್ತದೆಯೇ ಎಂಬುದು ಚರ್ಚಾಸ್ಪದ. ಓಡೆಂಗ್ ಚೆನ್ನಾಗಿತ್ತು.

ಅಕ್ಟೋಬರ್ 28, ಶನಿವಾರ

ನಾಲ್ಕನೆಯವರು ಡೆಕ್ಲನ್ ಸರ್, ಇಂಗ್ಲಿಷ್ ಭಾಷೆಯ ಇತಿಹಾಸ. ಐರ್ಲೆಂಡಿನವರು, ಇಲ್ಲಿಯ ಅಳಿಯ. ಇಂದು ಅತ್ತೆಯ ಮನೆಯಂಗಳದಲ್ಲಿ ಮೂಲಂಗಿ ಕಿತ್ತು, ಅದರ ಸೊಪ್ಪನ್ನು ಒಣಗಲು ಹಗ್ಗಕ್ಕೆ ಹಾಕುತ್ತಿದ್ದರು. ನಮ್ಮ ಭಾಷೆಯನ್ನು ಅವರಿಗೆ ಕಲಿಸಿದವರು ಆ ಅತ್ತೆಯೇ. ಹಾಗಾಗಿ ಆರಡಿ ಎತ್ತರದ ಕೆಂಚುಗೂದಲಿನ ಮನುಷ್ಯನ ಬಾಯಿಂದ ಬೆಟ್ಟದ ಸೀಮೆಯ ಅಜ್ಜಿಯರ ಮಾತು ಹೊರಡುತ್ತದೆ.

"ಬಾ ಮಗ ಬಾ. ಉಂಡ್ಕಂಡ್ ಬಂದ್ಯಾ?"

"ಇಂಗ್ಲಿಷ್ ಭಾಷೆಯ ಇತಿಹಾಸಕ್ಕೆ ನಿಮ್ಮ ಕೊಡುಗೆ ಏನು ಸರ್?"

"ಕೊಡುಗೆನಾ? ಇತಿಹಾಸ ಆಗ್ಲೇ ನಡ್ದೋಗೈತಲ್ಲ ಮಗ, ನಾನೇನ್ ಕೊಡಾನ? ಇಂಗೆ ತಿರುಗ್ಸಿ ತಿರುಗ್ಸಿ ನೋಡ್ತೀನಿ, ಅಷ್ಟೇಯ."

ಅತ್ತೆಯಾದ ಆ ಅಜ್ಜಿ ಮೂಲಂಗಿಯ ರಾಶಿಯ ಹಿಂದಿನಿಂದ ಕೂಗಿದರು. "ಏ ಡೆಕ್ಲಾ, ಆ ಹುಡುಗಿಗೆ ಮೊದ್ಲು ಉಣ್ಣಾಕಿಕ್ಕು, ಆಮೇಕೆ ನಿನ್ ಪುರಾಣ!" ಬಳಿಕ ನನ್ನ ಕಡೆ ತಿರುಗಿದರು. "ನೋಡಾಕೆ ಚೆಂದಾಗಿದ್ದೀಯ ಮಗ. ಮಾತೇನ್ ಅಷ್ಟ್ ಬಿರ್ಸು? ಯಾರಾನಾ ಅಟ್ಟಿಸ್ಕಂಡ್ ಬತ್ತಾವ್ರಾ?"

ಅದಕ್ಕೆ ಉತ್ತರ ಕೊಡಬೇಕೆಂದಿದ್ದೆ. ಅಜ್ಜಿಯ ಮಾತಿನ ಮಧ್ಯೆ ಜಾಗ ಸಿಗಲಿಲ್ಲ. ಮೂರು ಬಟ್ಟಲು ಅನ್ನ ಉಂಡು ಕೊನೆಯ ಬಸ್ಸಿಗೆ ಓಡಿಬಂದೆ.

ನವೆಂಬರ್ 1, ಬುಧವಾರ

ಮುಗಿಯಿತು. "ಪ್ರಾಧ್ಯಾಪಕ ಸೋಕ್ ಗ್ಯುಹ್ವಾನ್ ಅವರು ಇಪ್ಪತ್ತೇಳು ಸಂಶೋಧನ ಪ್ರಬಂಧಗಳ ಮೂಲಕ ವಾಕ್ಯರಚನೆಯ ಅಧ್ಯಯನಕ್ಕೆ ಅನನ್ಯವಾದ ಆಯಾಮವೊಂದನ್ನು ಒದಗಿಸಿದ್ದು…" ಎಂದು ಆರಂಭಿಸಿದ್ದೇನೆ. ಗಿಲ್ ಸರ್ ಅವರಿಗೆ ಮೂರು ಸಾಲು. ಬಸ್ಸು, ಬಡಗಿ, ಪರ್ಸಿಮನ್, ಮೂಲಂಗಿ, ಎಲ್ಲವನ್ನೂ ಕಿತ್ತುಹಾಕಿ ಶುದ್ಧಗೊಳಿಸಿದ ಗದ್ಯ. ಇಷ್ಟು ದೋಷರಹಿತವಾದದ್ದು ನಮ್ಮ ಕಾಲೇಜಿನಲ್ಲಿ ಅಚ್ಚಾಗಿರಲಾರದು.

ಬರಹರೂಪವನ್ನು ಮೂರನೆಯ ಬಾರಿ ಧ್ವನಿಯೊಂದಿಗೆ ಹೋಲಿಸಿ "ನಿಜವಾದ ಅಂತಿಮ" ಎಂಬ ಹೆಸರಿನಲ್ಲಿ ಉಳಿಸಿದೆ. ಪರಿಚಯದ ಕಡತಕ್ಕೆ "ನಿಜಕ್ಕೂ ಕೊನೆಯ ಅಂತಿಮ" ಎಂದು ಹೆಸರಿಟ್ಟೆ. ಒಂದನ್ನು ಮೇಡಂ ಅವರಿಗೂ ಇನ್ನೊಂದನ್ನು ಬಂಗ್ ಅಕ್ಕನಿಗೂ ಕಳುಹಿಸಿದೆ. ಅಕ್ಕನಿಗೆ ಸ್ಪಷ್ಟವಾಗಿ ಬರೆದಿದ್ದೇನೆ: "ದಯವಿಟ್ಟು ಒಂದು ಅಕ್ಷರವನ್ನೂ ಮುಟ್ಟದೆ ಮುದ್ರಣಕ್ಕೆ ಕಳುಹಿಸಿ."

ನವೆಂಬರ್ 6, ಸೋಮವಾರ

ಮುನ್ನೂರು ಪ್ರತಿಗಳು ಬಂದವು.

ಪೆಟ್ಟಿಗೆ ತೆರೆದಾಗ ಬಂಗ್ ಅಕ್ಕ ನೆಲದ ಮೇಲೆ ಕುಳಿತು, ಕಣ್ಣೊರೆಸಿಕೊಳ್ಳುತ್ತಿದ್ದಳು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು.

"'(ಹೀರುವ ಸದ್ದು)'! ಅಯ್ಯೋ ಸೆರಿನ್, '(ಹೀರುವ ಸದ್ದು)'!"

ಹೊದಿಕೆಯ ಮೇಲೆ "ನಿಮ್ಮ ಅಧ್ಯಾಪಕರನ್ನು ಪರಿಚಯಿಸಿಕೊಳ್ಳಿ" ಎಂಬ ಶೀರ್ಷಿಕೆ. ಒಳಗೆ ಇಪ್ಪತ್ತನಾಲ್ಕು ಪುಟ ಬರಹರೂಪ. ಪ್ರತಿ ಕೆಮ್ಮು, ಪ್ರತಿ ಮೌನ, ಅಜ್ಜಿ ಅಳಿಯನನ್ನು ಬಯ್ದ ಪ್ರತಿ ಬೈಗುಳ, ಎಲ್ಲವೂ ಸುಂದರವಾದ ಅಕ್ಷರಗಳಲ್ಲಿ.

"ನೋಡಿ ಕಳಿಸಬಾರ್ದಿತ್ತಾ ಅಕ್ಕಾ!" ಎಂದು ಕಿರುಚಿದೆ.

"ನೀನೇ ಬರೆದಿದ್ಯಲ್ಲೇ, ಒಂದು ಅಕ್ಷರಾನೂ ಮುಟ್ಟಬೇಡಿ ಅಂತ. ಮುಟ್ಲಿಲ್ಲ."

ಮರುಮುದ್ರಣಕ್ಕೆ ನಾಲ್ಕು ದಿನ ಬೇಕಂತೆ. ಮೇಳ ನಾಡಿದ್ದು.

ಕೋಣೆಗೆ ಬಂದು ಇಡೀ ಪುಸ್ತಕ ಓದಿದೆ. ಓದುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ವೈಜ್ಞಾನಿಕ ಕುತೂಹಲದಿಂದ ಮಾತ್ರ ಎಣಿಸಿದೆ. ಸೋಕ್ ಸರ್ ಅವರ ಮಾತನ್ನು "ಸೆರಿನ್" ಹದಿನಾಲ್ಕು ಬಾರಿ ಕತ್ತರಿಸಿದ್ದಾಳೆ. ಯೋಮ್ ಮೇಡಂ ಅವರದನ್ನು ಹನ್ನೊಂದು ಬಾರಿ. ಗಿಲ್ ಸರ್ ಅವರದನ್ನು ಹದಿನಾರು. ಡೆಕ್ಲನ್ ಸರ್ ಅವರದನ್ನು ಒಂಬತ್ತು. ಒಟ್ಟು ಐವತ್ತು. ಅಜ್ಜಿಯದು ಸೊನ್ನೆ.

ಓರೆಗೆರೆಗಳನ್ನು ಎಳೆದವಳು ನಾನೇ. ಒಂದೂ ತಪ್ಪಿಲ್ಲ. ಅದೇ ಕಷ್ಟ.

ನವೆಂಬರ್ 7, ಮಂಗಳವಾರ

ಕ್ಷಮೆ ಕೇಳುವ ದಿನ. ವಿಟಮಿನ್ ಪಾನೀಯದ ಹತ್ತು ಬಾಟಲಿಗಳ ಪೆಟ್ಟಿಗೆ ಹಿಡಿದು ಸೋಕ್ ಸರ್ ಕೋಣೆಗೆ ಹೋಗಿ ಸೊಂಟದವರೆಗೆ ಬಾಗಿದೆ.

"ಅದನ್ನ ಹೊರಗಿಡು," ಎಂದರು. "ನಿನಗೆ ಅಂಕ ಕೊಡೋನು ನಾನು. ಒಂದು ಬಾಟಲಿ ಮುಟ್ಟಿದ್ರೂ ಕಾನೂನು ಪ್ರಕಾರ ಲಂಚ."

ಪೆಟ್ಟಿಗೆಯನ್ನು ಬಾಗಿಲಾಚೆ ಇಟ್ಟು ಮತ್ತೆ ಬಾಗಿದೆ. ಅವರು ತಮ್ಮ ಪುಟಗಳನ್ನು ಓದಿದರು. ನಾನು ಗೋಡೆಯ ಗಡಿಯಾರ ನೋಡುತ್ತ ನಿಂತೆ. ನಾಲ್ಕು ನಿಮಿಷ.

"ನನ್ನ ಮೌನ ಒಂಬತ್ತೂ ಚಿಲ್ಲರೆ ಸೆಕೆಂಡಾ? ಇನ್ನೂ ಉದ್ದ ಅಂದ್ಕೊಂಡಿದ್ದೆ." ಪುಸ್ತಕ ಮುಚ್ಚಿದರು. "ಯಾವುದು ಇಡೋದು, ಯಾವುದು ಬಿಡೋದು, ಅವರವರೇ ಹೇಳ್ಲಿ. ನನ್ನದು ಇರ್ಲಿ. ಸಂಗ್ರಹಿಸಿದ ಮಾತನ್ನ ತಿದ್ದಬಾರದು ಅಂತ ನಿನಗೆ ಕಲಿಸಿದೋರು ನಾವೇ ಅಲ್ವಾ? ನಮ್ಮ ಮಾತು ಅಂದಾಗ ತಿದ್ದೋಕೆ ಹೊರಟ್ರೆ ಹೇಗೆ?"

ಯೋಮ್ ಮೇಡಂ ಆಗಲೇ ಕೆಂಪು ಶಾಯಿಯಲ್ಲಿ ಅಂಕ ಹಾಕಿ ಇಟ್ಟಿದ್ದರು. ಎರಡು ಕಡತಗಳೂ ಅದಲುಬದಲಾಗಿದ್ದವಲ್ಲ. ಅವರು ಕಚೇರಿಯಿಂದ ಪುಸ್ತಕ ತರಿಸಿಕೊಂಡು ಓದಿದ್ದರು. "ಇದಕ್ಕೆ ಪೂರ್ತಿ ಅಂಕ. ನೀನು ನನಗೆ ಕಳಿಸಿದ್ಯಲ್ಲ, ಆ ಪರಿಚಯ… ಅದು ಯಾರ ಬಗ್ಗೆ ಕಣೇ? ನನ್ನ ಹೆಸರು ನೋಡ್ಕೊಂಡು ಓದಿದ್ರೂ ಗೊತ್ತಾಗ್ಲಿಲ್ಲ."

ಡೆಕ್ಲನ್ ಸರ್ ಫೋನಿನಲ್ಲಿ ಸಿಕ್ಕರು. ಅಜ್ಜಿಗೆ ಹತ್ತು ಪ್ರತಿಗಳು ಬೇಕಂತೆ, ಊರವರಿಗೆ ಹಂಚಲು.

ಗಿಲ್ ಸರ್ ಉಳಿದರು. ಬಸ್ ನಿಲ್ದಾಣಕ್ಕೆ ಓಡಿದೆ. ಮಂಗಳವಾರ ಖಾಲಿಯಾಗುವ ಆ ಮಾತು ಅಚ್ಚಾಗಿತ್ತು. ಅದನ್ನು ಇಡೀ ಕಾಲೇಜು ಓದಲಿದೆ. ಮುನ್ನೂರು ಪ್ರತಿಗಳಲ್ಲಿಯೂ ಆ ಸಾಲಿನ ಮೇಲೆ ನಾನೇ ಕಪ್ಪು ಶಾಯಿ ಬಳಿಯುತ್ತೇನೆಂದು ಹೇಳಿದೆ.

ಅವರು ಸಾರಿನ ಲೋಟ ಕೆಳಗಿಟ್ಟು ಪುಟ ತಿರುವಿದರು. "ಸುಳ್ಳೇನಲ್ವಲ್ಲಮ್ಮ. ಇರ್ಲಿ ಬಿಡು." ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದರು. "ಆದ್ರೆ ಇಲ್ಲೊಂದು ಬಿಟ್ಟಿದೀಯ."

ನಾನು ಏನನ್ನೂ ಬಿಡುವವಳಲ್ಲ. ಬಾಗಿ ನೋಡಿದೆ. ನನ್ನ ಪ್ರತಿ ಪ್ರಶ್ನೆಗೂ ಮೊದಲು, ಅವರ ಮಾತು ಇನ್ನೂ ನಡೆದಿರುವ ಜಾಗದಲ್ಲಿ, ಪುಟ್ಟದೊಂದು ಗುರುತು ಹಾಕುತ್ತ ಹೋದರು: (ಉಸಿರು). (ಉಸಿರು). (ಉಸಿರು). ಧ್ವನಿಮುದ್ರಣ ಕೇಳದೆ, ನೆನಪಿನಿಂದಲೇ.

ರಾತ್ರಿಯ ಊಟಕ್ಕೆ ಮುಂಚೆ ಧ್ವನಿಯೊಂದಿಗೆ ಹೋಲಿಸಿದೆ. ಹದಿನಾರರಲ್ಲಿ ಹದಿನೈದು ಸರಿ. ಹದಿನಾರನೆಯದರಲ್ಲಿ ಬಸ್ಸಿನ ಹಾರ್ನ್ ಅಡ್ಡ ಬಂದಿದೆ.

ನವೆಂಬರ್ 8, ಬುಧವಾರ

ವ್ಯವಹಾರ ಇಂಗ್ಲಿಷ್‌ನವರು ಛತ್ರಿ ಹಂಚಿದರು. ಚೀನೀ ಭಾಷೆಯವರು ಮೇಜಿನ ಮುಂದೆಯೇ ಕಡುಬು ಬೇಯಿಸಿದರು. ನಮ್ಮ ಮೇಜಿನ ಮೇಲೆ ಆ ಪುಸ್ತಕ, ಅದರ ಪಕ್ಕದಲ್ಲಿ ಅಜ್ಜಿ ಕಳುಹಿಸಿದ್ದ ಮೂಲಂಗಿ ಸೊಪ್ಪಿನ ಸಾರಿನ ದೊಡ್ಡ ಪಾತ್ರೆ. ಮೊದಲ ವರ್ಷದವರು ಸಾರಿಗಾಗಿ ನಿಂತು, ಕೈಗೆ ಸಿಕ್ಕಿದ್ದನ್ನು ಓದತೊಡಗಿದರು. ಹನ್ನೊಂದು ಗಂಟೆಯ ಹೊತ್ತಿಗೆ ಸಭಾಂಗಣದ ಮೂಲೆಯಲ್ಲಿ ಇಬ್ಬರು ಹುಡುಗಿಯರು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಒಬ್ಬಳು ಸೋಕ್ ಸರ್ ಆಗಿ ಬೆರಳು ಮಡಿಸುತ್ತ ಒಂಬತ್ತು ಎಣಿಸಿದಳು. ಇನ್ನೊಬ್ಬಳು ಮೂಗು ಮೇಲೆತ್ತಿ ನಾನಾಗಿದ್ದಳು. ಅನುಕರಣೆ ನಿಖರವಾಗಿತ್ತೆಂದು ಒಪ್ಪಲೇಬೇಕು.

ವೇದಿಕೆ ಹತ್ತಿದೆ. ನಾಲ್ವರು ಅಧ್ಯಾಪಕರೂ ಹಿಂದೆ ಕುರ್ಚಿಗಳಲ್ಲಿ ಕುಳಿತಿದ್ದರು. ತಮ್ಮ ದಿನವಲ್ಲದಿದ್ದರೂ ಗಿಲ್ ಸರ್ ಬಂದಿದ್ದರು. ನನ್ನ ಶುದ್ಧ ಗದ್ಯವನ್ನು ತೆರೆದೆ.

"ಪ್ರಾಧ್ಯಾಪಕ ಸೋಕ್ ಗ್ಯುಹ್ವಾನ್ ಅವರು ಇಪ್ಪತ್ತೇಳು ಸಂಶೋಧನ ಪ್ರಬಂಧಗಳ ಮೂಲಕ…"

"ಅಕ್ಕಾ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಆ ಮಾತು ಏನಾಯ್ತು? ಐದನೇ ಪುಟ! 'ವಾಕ್ಯಕ್ಕೂ' ಅಂತ ನಿಂತುಬಿಟ್ಟಿದೆಯಲ್ಲ!"

"ಹೌದು, ಹೌದು! ವಾಕ್ಯಕ್ಕೂ, ಮುಂದೆ?"

"ನೀವು ಸುಮ್ನಿರಿ ಅಕ್ಕ, ಸರ್ ಹೇಳ್ಲಿ!"

ಸಭೆಯೆಲ್ಲ ನಗುತ್ತಿತ್ತು. ನನ್ನ ಬಳಿ ಏಳು ನಿಮಿಷಗಳಿಗೆ ಆಗುವಷ್ಟು ಗದ್ಯ ಉಳಿದಿತ್ತು. ಮೈಕನ್ನು ಸೋಕ್ ಸರ್ ಕೈಗೆ ಕೊಟ್ಟೆ.

ಅವರು ಎದ್ದು ನಿಂತರು. ಮಾತಾಡಲಿಲ್ಲ. ಸಭೆ ಎಣಿಸತೊಡಗಿತು: ಒಂದು, ಎರಡು, ಮೂರು… ಒಂಬತ್ತಕ್ಕೆ ಚಪ್ಪಾಳೆ ಬಿತ್ತು.

"ವಾಕ್ಯಕ್ಕೂ ನಮ್ಮಪ್ಪನಿಗೂ ಸಂಬಂಧಾನೇ ಇರ್ಲಿಲ್ಲ," ಎಂದರು ಸರ್. "ಓದೋಕೆ ಬರ್ತಿರ್ಲಿಲ್ಲ ಅವ್ರಿಗೆ. ಆದ್ರೆ ನಾನು ವಾಕ್ಯಗಳನ್ನ ಕೊಂಬೆ ಕೊಂಬೆಯಾಗಿ ಮರದ ಥರ ಬರೀತೀನಲ್ಲ, ಆ ಚಿತ್ರಗಳನ್ನ ನೋಡ್ತಿದ್ರು. 'ಇದು ನಿಲ್ಲುತ್ತೆ. ಇದು ನಿಲ್ಲಲ್ಲ, ಎಡಗಡೆ ಭಾರ ಜಾಸ್ತಿ' ಅನ್ನೋರು." ಸ್ವಲ್ಪ ತಡೆದರು. ಯಾರೂ ಎಣಿಸಲಿಲ್ಲ. "ಸಾಮಾನ್ಯವಾಗಿ ಅವ್ರು ಹೇಳಿದ್ದೇ ಸರಿ ಇರ್ತಿತ್ತು."

ನಾರಿನ ಮಾತೇ ಅಲ್ಲ! ಅವರು ಹೇಳಲು ಹೊರಟಿದ್ದು ಬೇರೆಯೇ. ಎರಡೂವರೆ ವರ್ಷದಿಂದ ನಾನು ಮುಗಿಸಿಕೊಟ್ಟ ಉಳಿದ ವಾಕ್ಯಗಳ ಗತಿ ಏನೆಂದು ಯೋಚಿಸುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕೈ ಎತ್ತಿದಳು. ಹಾ ನುರಿ ಎಂದು ಹೆಸರು. ಮಾತು ತಡೆತಡೆದು ಬರುತ್ತದೆ. ಒಂದೊಂದು ಪದದ ಹೊಸ್ತಿಲಲ್ಲಿಯೂ ನಿಂತು, ಮತ್ತೆ ಪ್ರಯತ್ನಿಸಿ, ದಾಟಿ ಬರಬೇಕು. ಪ್ರಶ್ನೆಗೆ ನಲವತ್ತು ಸೆಕೆಂಡು ಹಿಡಿಯಿತು. ನನ್ನ ಹಾಳೆಗಳು ಕೈಯಲ್ಲಿ ಹಿಂದುಮುಂದಾಗಿದ್ದವು, ಆದ್ದರಿಂದ ಸುಮ್ಮನೆ ಕಾದೆ.

"ಹೀಗೆ… ಮಾ… ಮಾತಾಡೋರು, ಈ ವಿಷಯ ತ… ತಗೋಬಹುದಾ?"

ಗಿಲ್ ಸರ್ ಮೈಕಿಲ್ಲದೆಯೇ ಉತ್ತರಿಸಿದರು. "ಬಾಮ್ಮ! ಎಲ್ರೂ ಗಡಗಡ ಮಾತಾಡಿ ಮುಗಿಸಿದ್ರೆ ಅಳೆಯೋಕೆ ನಮಗೇನು ಉಳಿಯುತ್ತೆ? ಇಲ್ಲಿ ಒಬ್ಬಳು ಗಡಗಡ ಇದಾಳೆ, ಸಾಕು."

ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆನಂತೆ, ಬಂಗ್ ಅಕ್ಕ ತೆಗೆದ ಚಿತ್ರದಲ್ಲಿ ಹಾಗೆಯೇ ಇದೆ.

ಪರಿಚಯದ ಗದ್ಯ ಓದಲಾಗಲೇ ಇಲ್ಲ.

ನವೆಂಬರ್ 16, ಗುರುವಾರ

ಇದುವರೆಗೆ ಒಂಬತ್ತು ಹೆಸರು.

ಇಂದು ದೇಶದಾದ್ಯಂತ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ. ಮೂರು ವರ್ಷಗಳ ಹಿಂದೆ ನಾನು ಬರೆದ ದಿನ ನೆನಪಾಗಿ ಅಮ್ಮನೇ ಫೋನ್ ಮಾಡಿದಳು. ಅಂದು ನನಗೆ ಬುತ್ತಿಯಲ್ಲಿ ಏನು ಕಟ್ಟಿದ್ದಳೆಂಬುದನ್ನು ಪೂರ್ತಿಯಾಗಿ ಹೇಳಿದಳು. "ಸರಿ ಹಾಗಾದ್ರೆ" ಆದ ಮೇಲೆ ಮಾತು ಒಂಬತ್ತು ಸಲ ಓಡಾಡಿತು. ಯೋಮ್ ಮೇಡಂ ಅವರ ಸಂಶೋಧನೆಗೆ ನಮ್ಮ ಭಾಷೆಯಿಂದಲೂ ಸಾಮಗ್ರಿ ಬೇಕಲ್ಲ, ಆ ದೃಷ್ಟಿಯಿಂದ ಎಣಿಸಿದ್ದು.

ನವೆಂಬರ್ 24, ಶುಕ್ರವಾರ

ಐದೂವರೆಗೆ ಹದಿನಾಲ್ಕು.

ಕಚೇರಿಯಲ್ಲಿ ನಾನು, ಬಂಗ್ ಅಕ್ಕ. ಪರದೆಯ ಮೇಲಿನ ಅಂಕಿ ಅಲುಗಾಡದು. ಅಕ್ಕ ಉಗುರು ಕಚ್ಚುತ್ತ "ಹದಿನಾಲ್ಕಂತೆ, ಹದಿನಾಲ್ಕು! ಪಕ್ಕದ ಮನೆ ನಾಯಿನಾದ್ರೂ ಸೇರಿಸೋಣ್ವಾ?" ಎನ್ನುತ್ತಿದ್ದಳು. ಐದು ನಲವತ್ತೇಳಕ್ಕೆ ನನ್ನ ಫೋನ್ ಮೊಳಗಿತು. ನುರಿ. ಮೇಳದ ದಿನ ನನ್ನ ಸಂಖ್ಯೆ ಪಡೆದಿದ್ದಳು.

"ಅಕ್ಕಾ, ಪು… ಪುಟ ತೆರೆದಿದೀನಿ. ಅಮ್ಮ ವ್ಯವಹಾರ ಇಂಗ್ಲಿಷ್ ತಗೋ ಅಂತಿದ್ರು. ಕೆ… ಕೆಲ್ಸ ಸಿಗುತ್ತಂತೆ. ನಾನು…"

ನಿಂತಳು.

ನಮ್ಮ ವಿಭಾಗವನ್ನೇ ಏಕೆ ಆರಿಸಬೇಕೆಂಬುದಕ್ಕೆ ನನ್ನ ಬಳಿ ಹನ್ನೆರಡು ಕಾರಣಗಳಿದ್ದವು, ಕ್ರಮಸಂಖ್ಯೆ ಹಾಕಿ ಬರೆದಿಟ್ಟಿದ್ದೆ. ಬಂಗ್ ಅಕ್ಕ ಆ ಹಾಳೆಯನ್ನು ನನ್ನ ಮೂಗಿಗೆ ಹಿಡಿದು, ಬಾಯಲ್ಲೇ "ಹೇಳೇ! ಹೇಳೇ!" ಎನ್ನುತ್ತಿದ್ದಳು. ನಾನು ಗೋಡೆಯ ಗಡಿಯಾರ ನೋಡಿದೆ. ಐದು ಸೆಕೆಂಡು. ಎಂಟು. ಹನ್ನೊಂದು.

"ಅಕ್ಕಾ, ಇ… ಇದೀರಾ?"

"ಇದೀನಿ."

"ಯಾಕೆ ಏನೂ ಹೇಳ್ತಿಲ್ಲ?"

"ನೀನಿನ್ನೂ ಮುಗಿಸಿಲ್ವಲ್ಲ."

ಅತ್ತ ಕಡೆ ಸಣ್ಣದೊಂದು ನಗು. ಕೀಲಿಯೊಂದನ್ನು ಒತ್ತಿದ ಸದ್ದು. ಆಮೇಲೆ, ಒಂದೂ ತಡೆಯಿಲ್ಲದೆ, "ನಿನ್ನೆ ಅಮ್ಮನ ಜೊತೆ ಮಾತಾಡಿದೆ ಅಕ್ಕ. ಸಾಲಾಗಿ, ಕೊನೇ ತನಕ. ಅವರೂ ಕೇಳಿಸ್ಕೊಂಡ್ರು. ಒತ್ತಿಬಿಟ್ಟೆ."

ಪರದೆಯ ಮೇಲೆ ಹದಿನೈದು. ಬಂಗ್ ಅಕ್ಕ ಕುರ್ಚಿಯ ಮೇಲೆ ಹತ್ತಿ ಕುಣಿದಳು. ಕುರ್ಚಿಗೆ ಗಾಲಿಗಳಿದ್ದುದರಿಂದ ಕೆಳಗೂ ಬಿದ್ದಳು. ಸೋಕ್ ಸರ್ ಬಾಗಿಲಲ್ಲಿ ಬಂದು ನಿಂತು ಅಂಕಿಯನ್ನು ನೋಡಿದರು. "ಹದಿನೈದು," ಎಂದರು. ಇನ್ನೇನಾದರೂ ಹೇಳುವರೇನೋ ಎಂದು ನಿಂತಿದ್ದೆ. ಬಾಗಿಲ ಚೌಕಟ್ಟನ್ನು ಎರಡು ಸಲ ತಟ್ಟಿ ಹೊರಟುಹೋದರು.

ಆರು ಗಂಟೆ ದಾಟಿ, ಜಾಲಪುಟ ಮುಚ್ಚಿದ್ದನ್ನು ಖಚಿತಪಡಿಸಿಕೊಂಡು ಗಿಲ್ ಸರ್‌ಗೆ ಫೋನ್ ಮಾಡಿದೆ. ಶುಕ್ರವಾರ ಕಲಿಸುವ ಗಂಗ್‌ನಂಗ್‌ನಿಂದ ಮನೆಗೆ ಹೋಗುವ ಬಸ್ಸಿನಲ್ಲಿದ್ದರು. ಇಲ್ಲಿ ಬಸ್ಸಿನೊಳಗೆ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಅವರದೂ ಪಿಸುಮಾತು.

"ಹೇಳಮ್ಮ."

"ಹದಿನೈದು ಆಯ್ತು ಸರ್."

ಅವರು ಉಸಿರೆಳೆದುಕೊಂಡದ್ದು ಬಸ್ಸಿನ ಸದ್ದಿನ ನಡುವೆಯೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಇನ್ನೇನು ಮಾತಾಡುತ್ತಾರೆಂದು ಕಾದೆ. ಬಸ್ಸು ಸುರಂಗವೊಂದನ್ನು ಹೊಕ್ಕಿತು, ಸದ್ದು ದಪ್ಪವಾಯಿತು, ಆಚೆ ತುದಿಯಲ್ಲಿ ಹೊರಬಂದು ತೆಳುವಾಯಿತು. ಕಾದೆ.

"ಹಾಗಾದ್ರೆ ಮಂಗಳವಾರ ಸಿಗೋಣಮ್ಮ," ಎಂದರು.

ಆ ಮೌನ ಎಷ್ಟು ಸೆಕೆಂಡಿನದೆಂದು ನಾನು ಅಳೆಯಲಿಲ್ಲ. ಗಡಿಯಾರ ಎದುರಿಗೇ ಇತ್ತು. ಭಾಷಾಶಾಸ್ತ್ರದ ವಿದ್ಯಾರ್ಥಿನಿಗೆ, ಅದರಲ್ಲಿಯೂ ತರಗತಿಗೆ ಮೊದಲಿಗಳಾದವಳಿಗೆ, ಇಂಥ ಅಜಾಗರೂಕತೆ ಸಲ್ಲದು.